ಒಂದು ಯಕೃತ್ತು, ಎರಡು ವೈರಸ್ಸುಗಳು

ಯಕೃತ್ತನ್ನು ವರ್ಷಗಟ್ಟಲೆ ಸದ್ದಿಲ್ಲದೆ ಕೆಡಿಸಬಲ್ಲ ವೈರಸ್ಸುಗಳಲ್ಲಿ ಹೆಪಟೈಟಿಸ್ ‘ಬಿ’ ಮತ್ತು ‘ಸಿ’ ಮುಖ್ಯವಾದುವು. ಎರಡೂ ರಕ್ತದ ಮೂಲಕ ಹರಡುವುದರಿಂದ ಒಬ್ಬನೇ ರೋಗಿಯಲ್ಲಿ ಎರಡೂ ನೆಲಸುವುದುಂಟು. ಆಗ ಒಂದನ್ನು ನಾಶಮಾಡಿದರೆ ಮತ್ತೊಂದರ ಗತಿಯೇನು?

ಮೊದಲು ಇವುಗಳ ಸ್ವರೂಪವನ್ನು ನೋಡೋಣ. ಬಿ-ವೈರಸ್ಸಿನ ಆನುವಂಶಿಕ ದ್ರವ್ಯ ಡಿಎನ್‌ಎ. ಅದನ್ನು ಸುಮಾರು 3,200 ಅಕ್ಷರಗಳ ಒಂದು ಲಿಪಿಯೆನ್ನಬಹುದು. ಸಿ-ವೈರಸ್ಸಿನದು ಆರ್‌ಎನ್‌ಎ; ಅಕ್ಷರಗಳು ಸುಮಾರು 9,600. ವೈರಸ್ಸು ವೃದ್ಧಿಯಾಗುವಾಗ ಈ ಲಿಪಿಯ ಪ್ರತಿಗಳಲ್ಲಿ ತಪ್ಪುಗಳು ನುಸುಳುತ್ತವೆ. ದೀರ್ಘಕಾಲದಲ್ಲಿ ಇಂಥ ತಪ್ಪುಗಳು ಕೂಡಿಕೊಂಡು ಬೇರೆ ಬೇರೆ ಪ್ರಭೇದಗಳಾಗಿವೆ. ಇವಕ್ಕೆ ಜೀನೋಟೈಪುಗಳೆಂದು ಹೆಸರು. ಬಿ-ವೈರಸ್ಸಿನವನ್ನು ಅಕ್ಷರಗಳಿಂದಲೂ ಸಿ-ವೈರಸ್ಸಿನವನ್ನು 1ರಿಂದ 8ರ ವರೆಗಿನ ಅಂಕಿಗಳಿಂದಲೂ ಗುರುತಿಸುತ್ತಾರೆ. ಭಾರತದಲ್ಲಿ ಮೊದಲನೆಯದರ ‘ಎ’ ಮತ್ತು ‘ಡಿ’, ಎರಡನೆಯದರ 1 ಮತ್ತು 3 ಹೆಚ್ಚಾಗಿ ಕಂಡುಬರುತ್ತವೆ.

ಪ್ರಭೇದ ಬೇರೆಯಾದರೆ ನಡತೆಯೂ ಬೇರೆ. ಸಿ-ವೈರಸ್ಸಿನ 3ನೆಯ ಪ್ರಭೇದವು ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುವಂತೆ ಮಾಡುತ್ತದೆ. ಇಂಟರ್‌ಫೆರಾನ್ ಚಿಕಿತ್ಸೆಯ ಕಾಲದಲ್ಲಿ 1ನೆಯ ಪ್ರಭೇದಕ್ಕೆ ಸಾಮಾನ್ಯವಾಗಿ 48 ವಾರ, 2 ಮತ್ತು 3ಕ್ಕೆ 24 ವಾರ ಔಷಧ ಬೇಕಾಗುತ್ತಿತ್ತು. ಬಿ-ವೈರಸ್ಸಿನಲ್ಲಿ ‘ಎ’ ಪ್ರಭೇದವು ‘ಡಿ’ಗಿಂತ ಇಂಟರ್‌ಫೆರಾನಿಗೆ ಸುಲಭವಾಗಿ ಮಣಿಯುತ್ತದೆ.

ಎರಡೂ ಒಟ್ಟಿಗಿದ್ದಾಗ ಬಹುಮಟ್ಟಿಗೆ ಸಿ-ವೈರಸ್ಸಿನದೇ ಮೇಲುಗೈ, ಬಿ-ವೈರಸ್ಸು ಅಡಗಿರುತ್ತದೆ. ಸಿ-ವೈರಸ್ಸನ್ನು ಎದುರಿಸಲು ದೇಹವು ಹೊರಡಿಸುವ ಇಂಟರ್‌ಫೆರಾನೇ ಬಿ-ವೈರಸ್ಸನ್ನೂ ಅದುಮಿಡುತ್ತದೆಂದು ವಿಜ್ಞಾನಿಗಳು ಊಹಿಸುತ್ತಾರೆ. ತಕ್ಕಡಿಯ ಒಂದು ತಟ್ಟೆಯ ಭಾರವನ್ನು ತೆಗೆದರೆ ಅದು ಮೇಲೇಳುವುದಷ್ಟೆ. ಮತ್ತೊಂದು ತಟ್ಟೆಯೂ ನಿಂತಲ್ಲಿ ನಿಲ್ಲಲಾರದು. ಇಲ್ಲಿಯೂ ಹಾಗೆಯೇ.

2013ರಲ್ಲಿ ಸೊಫೊಸ್ಬುವಿರ್ ಬಳಕೆಗೆ ಬಂದಿತು. 2016ರಲ್ಲಿ ಅದಕ್ಕೆ ವೆಲ್ಪಟಾಸ್ವಿರ್ ಜೊತೆಗೂಡಿದ ಮೇಲೆ, 1ರಿಂದ 6ರ ವರೆಗಿನ ಯಾವ ಪ್ರಭೇದವಾದರೂ ಸಾಮಾನ್ಯವಾಗಿ 12 ವಾರಗಳಲ್ಲಿ ಸಿ-ವೈರಸ್ಸನ್ನು ನಿರ್ಮೂಲ ಮಾಡುವುದು ಸಾಧ್ಯವಾಯಿತು. ಪ್ರಭೇದದ ತೊಡಕು ಹೀಗೆ ಕಡಮೆಯಾಯಿತು. ಆದರೆ ಜೊತೆಗಾರನ ತೊಡಕು ಉಳಿಯಿತು. ಸಿ-ವೈರಸ್ಸು ಅಳಿದೊಡನೆ ಕೆಲವರಲ್ಲಿ ಬಿ-ವೈರಸ್ಸು ಎಚ್ಚತ್ತು, ಯಕೃತ್ತು ವಿಫಲವಾಗಿ ಸಾವುಗಳೂ ಸಂಭವಿಸಿದುವು. ಆದುದರಿಂದ 2016ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ಈ ಚಿಕಿತ್ಸೆಗೆ ಮುನ್ನ ಪ್ರತಿಯೊಬ್ಬ ರೋಗಿಯ ರಕ್ತದಲ್ಲಿಯೂ ಬಿ-ವೈರಸ್ಸಿನ ಕುರುಹನ್ನು ಪರೀಕ್ಷಿಸಬೇಕೆಂದು ಎಚ್ಚರಿಸಿತು. ಕುರುಹು ಕಂಡುಬಂದರೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ಎಂಬ ಔಷಧಗಳಿಂದ ಅದನ್ನು ಹತೋಟಿಯಲ್ಲಿಡಬಹುದು.

ಶತ್ರುವಿನ ಕುಲವನ್ನು ತಿಳಿದರೆ ಸಾಲದು. ಅವನ ಪಕ್ಕದಲ್ಲಿ ಮಲಗಿರುವವನು ಯಾರೆಂಬುದನ್ನೂ ತಿಳಿಯಬೇಕು. ಸಿ-ವೈರಸ್ಸಿಗೆ ಲಸಿಕೆಯಿಲ್ಲ, ಬಿ-ವೈರಸ್ಸಿಗೆ ಉಂಟು. ಅದನ್ನು ಸಕಾಲದಲ್ಲಿ ಹಾಕಿಸಿಕೊಂಡವನಿಗೆ ಈ ಇಮ್ಮಡಿ ಗಂಡಾಂತರದ ಭಯ ಬಹುಮಟ್ಟಿಗೆ ಇರುವುದಿಲ್ಲ.