ಗಣಕದ ಪರದೆಯ ಮೇಲೆ ತೆರಪಿನ ಕಟ್ಟಳೆ

ಸೊಲ್ಲಾಪುರದ ಚಾದರವನ್ನು ಅರಿಯದ ಮನೆ ನಮ್ಮ ಭಾಗದಲ್ಲಿ ಇರಲಾರದು. ಅದನ್ನು ನೇಯುವ ಮಗ್ಗದಲ್ಲಿ ಹಣಿಗೆಯೆಂಬ ಸಾಧನವುಂಟು. ಹಾಸಿನ ಎಳೆಗಳು ಅದರ ಹಲ್ಲುಗಳ ಸಂದಿನಿಂದ ಹಾಯ್ದು ಬರುತ್ತವೆ. ಹಲ್ಲುಗಳು ಒತ್ತಾಗಿದ್ದರೆ ಬಟ್ಟೆಯು ಒತ್ತಾಗುವುದು, ವಿರಳವಾಗಿದ್ದರೆ ವಿರಳವಾಗುವುದು. ನೇಕಾರನು ಎಳೆಗಳ ನಡುವಣ ಅಂತರವನ್ನು ಕಣ್ಣಳತೆಗೆ ಬಿಡದೆ ಹಣಿಗೆಗೆ ಒಪ್ಪಿಸುತ್ತಾನೆ. ಗಣಕಯಂತ್ರದ ಪರದೆಯ ಮೇಲೆ ಗುಂಡಿ, ಹೆಸರುಪಟ್ಟಿ, ಬರೆಯುವ ಚೌಕ ಮೊದಲಾದವನ್ನು ಜೋಡಿಸುವವನೂ ಹೀಗೆಯೇ ಮಾಡಬೇಕಾಗುತ್ತದೆ. ಅದು ಹೇಗೆಂಬುದನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.

ತೆರಪು ಏತಕ್ಕೆ?

ಎಲ್ಲವನ್ನೂ ಇಟ್ಟ ಮೇಲೆ ಉಳಿದ ಬರಿಯ ಜಾಗವೇ ತೆರಪೆಂದು ಹಲವರು ಬಗೆಯುವುದುಂಟು. ಅದು ಸರಿಯಲ್ಲ. ಹತ್ತಿರವಿರುವ ವಸ್ತುಗಳನ್ನು ನಮ್ಮ ಕಣ್ಣು ಒಂದೇ ಗುಂಪೆಂದು ತಿಳಿಯುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರ್ ಇದನ್ನು 1923ರ ತಮ್ಮ ಪ್ರಬಂಧದಲ್ಲಿ ಚುಕ್ಕೆಗಳ ಸಾಲುಗಳಿಂದ ತೋರಿಸಿದರು. ಆದುದರಿಂದ ಯಾವುದು ಯಾವುದಕ್ಕೆ ಸೇರಿದ್ದೆಂದು ಹೇಳುವ ಕೆಲಸ ತೆರಪಿನದು.

ಕನ್ನಡದಲ್ಲಿ ಇದು ಇನ್ನೂ ಮುಖ್ಯ. ‘ಉಳಿಸು’, ‘ಅಳಿಸು’ ಎಂಬೆರಡು ಗುಂಡಿಗಳನ್ನು ನೋಡಿರಿ. ಭೇದವು ಒಂದೇ ಅಕ್ಷರದ್ದು. ಫಲವೋ ಪೂರ್ಣ ವಿರುದ್ಧ. ಇವೆರಡನ್ನೂ ಅಂಟಿಸಿ ಇಟ್ಟರೆ, ಬೆರಳು ತುಸು ಜಾರಿದರೂ ಒಬ್ಬ ವಿದ್ಯಾರ್ಥಿಯ ಅರ್ಜಿಯೇ ಅಳಿದುಹೋದೀತು.

ಮೂರು ಬಗೆಯ ತೆರಪು

ಪರದೆಯ ತೆರಪಿನಲ್ಲಿ ಮೂರು ಬಗೆಗಳಿವೆ. ನೋಟ್‌ಬುಕ್ಕಿನ ಹಾಳೆಯಲ್ಲಿ ಬಿಡುವ ಅಂಚಿನಂತೆ ಕಿಟಕಿಯ ಸುತ್ತಲೂ ಬಿಡುವುದು ಮೊದಲನೆಯದು. ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಬಿಡುವುದು ಎರಡನೆಯದು. ಗುಂಡಿಯ ಗೆರೆಗೂ ಅದರೊಳಗಿನ ಅಕ್ಷರಕ್ಕೂ ನಡುವೆ ಬಿಡುವುದು ಮೂರನೆಯದು.

ಪೈಥಾನ್ ಭಾಷೆಯೊಡನೆ ಸಾಮಾನ್ಯವಾಗಿ ದೊರೆಯುವ ಟಿಕಿಂಟರ್ ಎಂಬ ಸಲಕರಣೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದರಲ್ಲಿ ‘ಪ್ಯಾಡ್‌ಎಕ್ಸ್’ ಎಂಬುದು ವಸ್ತುವಿನ ಹೊರಗೆ ಎಡಬಲಗಳಲ್ಲಿಯೂ, ‘ಪ್ಯಾಡ್‌ವೈ’ ಎಂಬುದು ಮೇಲೆ ಕೆಳಗೂ ತೆರಪು ಬಿಡುತ್ತವೆ. ಇವುಗಳ ಹಿಂದೆ ‘ಐ’ ಸೇರಿಸಿದರೆ ಅದು ಒಳತೆರಪು. ಬರಿಯ ಅಂಕಿ ಕೊಟ್ಟರೆ ಅಳತೆಯು ಪಿಕ್ಸೆಲುಗಳಲ್ಲಿ, ಎಂದರೆ ಪರದೆಯ ಚುಕ್ಕೆಗಳಲ್ಲಿ.

ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಒಂದು ಫ್ರೇಮಿನಲ್ಲಿ ಮೂರು ಗುಂಡಿಗಳನ್ನು ‘ಪ್ಯಾಕ್’ ಕ್ರಮದಿಂದ ಒಂದರ ಕೆಳಗೊಂದು ಇಟ್ಟು, ಪ್ರತಿಯೊಂದಕ್ಕೂ ‘ಪ್ಯಾಡ್‌ವೈ’ 5 ಎಂದು ಕೊಡಿರಿ. ಎರಡು ಗುಂಡಿಗಳ ನಡುವಿನ ತೆರಪೆಷ್ಟು? ಮೇಲಿನದರ 5, ಕೆಳಗಿನದರ 5, ಕೂಡಿ 10. ಆದರೆ ಮೇಲಿನ ಅಂಚಿನಲ್ಲಿಯೂ ಕೆಳಗಿನ ಅಂಚಿನಲ್ಲಿಯೂ ಬರಿಯ 5. ಇದರಿಂದ ನೋಟ ಸಮವಾಗದು. ಫ್ರೇಮಿಗೇ ‘ಪ್ಯಾಡ್‌ವೈ’ 5 ಎಂದು ಕೊಟ್ಟರೆ ಅಂಚಿನಲ್ಲಿಯೂ 10 ಆಗಿ ಎಲ್ಲವೂ ಸಮನಾಗುವುದು.

ಹಿಗ್ಗುವ ತೆರಪು

ಕಿಟಕಿಯನ್ನು ದೊಡ್ಡದು ಮಾಡಿದಾಗ ಹೆಚ್ಚಾದ ಜಾಗವು ಯಾರ ಪಾಲಿಗೆ ಹೋಗಬೇಕು? ಅದನ್ನೂ ನಾವೇ ಗೊತ್ತುಮಾಡಬೇಕು. ‘ಗ್ರಿಡ್’ ಕ್ರಮದಲ್ಲಿ ಪ್ರತಿ ಕಂಬಸಾಲಿಗೂ ‘ವೇಟ್’ ಎಂಬ ತೂಕವಿರುತ್ತದೆ. ನಾವು ಹೇಳದಿದ್ದರೆ ಅದು ಸೊನ್ನೆ. ಆ ಸಾಲು ಹಿಗ್ಗದು. ‘ಉಳಿಸು’ ಗುಂಡಿಯನ್ನು ಮೊದಲನೆಯ ಸಾಲಿನಲ್ಲಿ, ‘ಅಳಿಸು’ ಗುಂಡಿಯನ್ನು ಮೂರನೆಯದರಲ್ಲಿ ಇಟ್ಟು, ನಡುವಣ ಬರಿದು ಸಾಲಿಗೆ ತೂಕ 1 ಕೊಡಿರಿ. ಫ್ರೇಮು ಕಿಟಕಿಯೊಡನೆ ಹಿಗ್ಗುವಂತಿದ್ದರೆ, ಹೆಚ್ಚಿನ ಜಾಗವೆಲ್ಲ ಆ ನಡುವಿಗೇ ಸಲ್ಲುವುದು. ಆ ಸಾಲಿಗೆ ‘ಮಿನ್‌ಸೈಜ್’ 60 ಎಂದೂ ಕೊಟ್ಟರೆ, ಅದರ ಅಗಲವು 60 ಚುಕ್ಕೆಗಳಿಗಿಂತ ಕಡಿಮೆಯಾಗದು. ಒಂದೇ ಫ್ರೇಮಿನಲ್ಲಿ ‘ಪ್ಯಾಕ್’, ‘ಗ್ರಿಡ್’ ಎರಡನ್ನೂ ಬೆರೆಸಬಾರದೆಂಬುದು ನೆನಪಿರಲಿ.

ನಮ್ಮ ಊರುಗಳ ಹೆಸರು

ಟಿಕಿಂಟರಿನಲ್ಲಿ ‘ಪ್ಲೇಸ್’ ಎಂಬ ಇನ್ನೊಂದು ಕ್ರಮವೂ ಇದೆ. ಇದರಲ್ಲಿ ಪ್ರತಿ ವಸ್ತುವಿನ ಸ್ಥಾನವನ್ನೂ ಎತ್ತರವನ್ನೂ ಅಂಕಿಯಿಂದಲೇ ನಿಲ್ಲಿಸಿಬಿಡಬಹುದು. ಸುಲಭವೆಂದು ತೋರುವ ಈ ದಾರಿ ನಮ್ಮಂಥವರಿಗೆ ತೊಡಕಿನದು. ಊರ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದರೆ ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ. ಆದರೆ ‘ಸೊಲ್ಲಾಪುರ’, ‘ಅಕ್ಕಲಕೋಟ’ ಎಂದು ಕನ್ನಡದಲ್ಲಿ ಬರೆದಾಗ ಎರಡರಲ್ಲಿಯೂ ಒತ್ತಕ್ಷರಗಳು ಕೆಳಗಿಳಿಯುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ತಕ್ಕಷ್ಟೇ ಎತ್ತರ ಕೊಟ್ಟ ಪಟ್ಟಿಯಲ್ಲಿ ಒತ್ತುಗಳ ತಳ ಕತ್ತರಿಸಿಹೋಗಬಹುದು. ಅದೇ ಕಿಟಕಿಯನ್ನು ಮರಾಠಿಗೆ ತಂದರೆ ‘ಉಳಿಸು’ ಎಂಬುದು ‘ಜತನ ಕರಾ’ ಎಂದು ಎರಡು ಪದವಾಗಿ ಅಗಲವನ್ನು ಬೇಡುತ್ತದೆ. ಸ್ಥಾನವನ್ನು ಅಂಕಿಯಿಂದ ನಿಲ್ಲಿಸಿದ್ದರೆ ಎಲ್ಲವನ್ನೂ ಮತ್ತೆ ಎಣಿಸಬೇಕು. ತೆರಪನ್ನು ನಿಯಮದಿಂದ ಹೇಳಿದ್ದರೆ ಗುಂಡಿಯು ತಾನೇ ಹಿಗ್ಗಿ, ನೆರೆಯದು ತಾನೇ ಸರಿಯುವುದು.

ಕನ್ನಡ, ಮರಾಠಿ, ತೆಲುಗು, ಉರ್ದು ನುಡಿಗಳು ಕೂಡಿ ಬಾಳುವ ಈ ಜಿಲ್ಲೆಯ ಮಕ್ಕಳಿಗೆ ಇದು ಸಣ್ಣ ಮಾತಲ್ಲ. ಪರದೆಯ ಮೇಲೆ ತಮ್ಮ ಊರಿನ ಹೆಸರು ಅಂಗಹೀನವಾಗಿ ಕಾಣದಿರಬೇಕಾದರೆ, ಕನ್ನಡ ಬಲ್ಲವರೇ ಈ ವಿದ್ಯೆಯನ್ನು ಕಲಿಯಬೇಕು. ಪೈಥಾನ್ ಬೆಲೆಯಿಲ್ಲದೆ ದೊರೆಯುವುದರಿಂದ ಪಾಲಕರು ಮಕ್ಕಳಿಗೆ ಈ ಅಭ್ಯಾಸದ ಅವಕಾಶ ಮಾಡಿಕೊಡಬೇಕೆಂದು ನಾವು ಕೋರುತ್ತೇವೆ.

ಅಭ್ಯಾಸ

1. ತೆರಪಿನ ಮೂರು ಬಗೆಗಳನ್ನು ಚಿತ್ರ ಬರೆದು ತೋರಿಸಿರಿ.
2. ನಾಲ್ಕು ಗುಂಡಿಗಳಿಗೆ ‘ಪ್ಯಾಡ್‌ವೈ’ 8 ಕೊಟ್ಟರೆ ನಡುವೆ ಎಷ್ಟು, ಅಂಚಿನಲ್ಲಿ ಎಷ್ಟು ತೆರಪು ಉಳಿಯುವುದು? ಎರಡನ್ನೂ ಸಮಮಾಡುವುದು ಹೇಗೆ?
3. ನಿಮ್ಮ ಊರಿನ ಹೆಸರನ್ನು ಕನ್ನಡ, ಮರಾಠಿಗಳಲ್ಲಿ ಎರಡು ಗುಂಡಿಗಳ ಮೇಲೆ ಬರೆದು ಅಗಲ ಎತ್ತರಗಳನ್ನು ಹೋಲಿಸಿರಿ.