ನಾಯಿಮರಿ ಮನೆಗೆ ಬರುವ ಮುಂಚೆ, ಬಂದ ಮೇಲೆ



ನಾಯಿ ನಂಬಿಕೆಯ ಪ್ರಾಣಿ ಎಂದು ನಾವೆಲ್ಲ ಸಣ್ಣ ತರಗತಿಯಿಂದಲೂ ಪ್ರಬಂಧ ಬರೆಯುತ್ತಾ ಬಂದಿದ್ದೇವೆ. ಆದರೆ ಆ ಪ್ರಾಣಿಯನ್ನು ಮರಿಯಾಗಿದ್ದಾಗ ಮನೆಗೆ ತಂದರೆ ಮೊದಲ ವಾರ ಹೇಗೆ ನೋಡಿಕೊಳ್ಳಬೇಕು ಅಂತ ನಾನು ಯಾವ ಪ್ರಬಂಧದಲ್ಲೂ ಬರೆದಿರಲಿಲ್ಲ. ಯಾಕೆಂದರೆ ಗೊತ್ತಿರಲಿಲ್ಲ. ನಮ್ಮ ಮನೆಗೆ ತಂದ ಮೊದಲನೇ ಮರಿ ಹನ್ನೊಂದನೇ ದಿನಕ್ಕೆ ಸತ್ತುಹೋಯಿತು. ಎರಡನೇ ಮರಿ ಕೆಂಚಿಗೆ ಈಗ ಒಂದೂವರೆ ವರ್ಷ. ಇವೆರಡರ ನಡುವೆ ನಾನು ದನದ ಆಸ್ಪತ್ರೆಯ ಡಾಕ್ಟರಿಂದ, ವಿಜ್ಞಾನದ ಮೇಷ್ಟ್ರಿಂದ, ನಮ್ಮ ಅಜ್ಜಿಯಿಂದ ಕಲಿತದ್ದನ್ನು ಪಾಠದ ಹಾಗೆ ಇಲ್ಲಿ ಬರೆದಿದ್ದೇನೆ. ಮರಿ ತರಬೇಕು ಅಂತ ಆಸೆ ಇರುವವರು ದಯವಿಟ್ಟು ಕೊನೆವರೆಗೂ ಓದಿ.

1. ಮರಿಗೆ ಎಷ್ಟು ದಿನ ಆಗಿರಬೇಕು?

"ಕಣ್ಣು ಬಿಟ್ಟರೆ ಸಾಕು, ಎತ್ಕೊಂಡು ಬಾ" ಅಂತ ಊರಲ್ಲಿ ಹೇಳುತ್ತಾರೆ. ಇದು ತಪ್ಪು. ಹುಟ್ಟಿದ 10ರಿಂದ 14 ದಿನಕ್ಕೆಲ್ಲ ಮರಿ ಕಣ್ಣು ಬಿಡುತ್ತದೆ. ಕಿವಿ ಸರಿಯಾಗಿ ಕೇಳಿಸಲು ಶುರುವಾಗುವುದು ಮೂರನೇ ವಾರದಲ್ಲಿ. ಹಾಲುಹಲ್ಲು ಮೂಡುವುದೂ ಆವಾಗಲೇ. ತಾಯಿಯ ಹಾಲು ಬಿಟ್ಟು ಬೇರೆ ಆಹಾರ ತಿನ್ನುವುದನ್ನು ಪೂರ್ತಿ ಕಲಿಯಲು 6ರಿಂದ 8 ವಾರ ಬೇಕು.

ಹಾಲಿನ ಜೊತೆಗೆ ಇನ್ನೊಂದು ಕಲಿಕೆಯೂ ಇದೆ. ಮರಿಗಳು ಆಟ ಆಡುವಾಗ ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಅಂತ ಕೂಗಿ ಆಟ ಬಿಟ್ಟು ಹೋಗುತ್ತದೆ. ಹಾಗೆ ಮಾಡಿ ಮಾಡಿ, ಎಷ್ಟು ಮೆಲ್ಲಗೆ ಕಚ್ಚಬೇಕು ಎಂಬುದನ್ನು ಅವು ಒಂದಕ್ಕೊಂದು ಕಲಿಸುತ್ತವೆ. ಬೇಗ ಬಿಡಿಸಿ ತಂದ ಮರಿಗೆ ಈ ಪಾಠ ತಪ್ಪಿಹೋಗುತ್ತದೆ.

ಆದ್ದರಿಂದ ಮರಿಗೆ 8 ವಾರ, ಅಂದರೆ 56 ದಿನ ತುಂಬಿರಬೇಕು. ನಾನು ಮೊದಲ ಮರಿಯನ್ನು ಹುಲ್ಲಿನ ಮೆದೆ ಹತ್ತಿರದಿಂದ ಸ್ಕೂಲ್ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದಾಗ ಅದಕ್ಕೆ 25 ದಿನವೂ ಆಗಿರಲಿಲ್ಲ. ಕೆಂಚಿ ಹುಟ್ಟಿದಾಗ ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಾದೆ. ತಾಯಿ ಸತ್ತುಹೋಗಿ ಮರಿ ಒಂಟಿಯಾಗಿದ್ದರೆ ಕಾಯಲು ಆಗುವುದಿಲ್ಲ. ಆಗ ಡಾಕ್ಟರನ್ನು ಕೇಳಿಯೇ ಸಾಕಬೇಕು.

2. ತರುವ ಮುಂಚೆ ಮಾಡಬೇಕಾದ ಸಿದ್ಧತೆ

ಮೊದಲು ಮನೆಯವರೆಲ್ಲ ಒಪ್ಪಬೇಕು. ನಮ್ಮಪ್ಪ, "ತಂದರೆ ತಗೊಂಡು ಬಾ. ಅದರ ಗಲೀಜು ನಾನು ಬಳಿಯಾಕಿಲ್ಲ" ಅಂದರು. ಹಾಗಾಗಿ ಯಾವ ಕೆಲಸ ಯಾರದು ಅಂತ ಮೊದಲೇ ಮಾತಾಡಿಕೊಂಡೆವು. ಬೆಳಿಗ್ಗೆ ಮತ್ತು ರಾತ್ರಿ ಊಟ, ಗುಡಿಸುವುದು ನನ್ನದು. ನಾವು ಶಾಲೆಗೆ ಬಂದಾಗ ನೋಡಿಕೊಳ್ಳುವುದು ಅಜ್ಜಿಯದು. ನೀರು ತುಂಬಿಸುವುದು ತಮ್ಮನದು. ನಾಯಿ ಹನ್ನೆರಡು ಹದಿಮೂರು ವರ್ಷ ಬದುಕುವ ಪ್ರಾಣಿ. ಒಂದು ವಾರ ಆಡಿ ಬಿಡುವ ಆಟದ ಸಾಮಾನಲ್ಲ.

ಸಿದ್ಧ ಮಾಡಿಡಬೇಕಾದ ವಸ್ತುಗಳು:

(ಅ) ಮಲಗುವ ಜಾಗ. ಮಳೆ, ಗಾಳಿ ಹೊಡೆಯದ, ಜನ ಓಡಾಡುವುದು ಕಾಣುವ ಮೂಲೆ ಆಗಬೇಕು. ಕೊಟ್ಟಿಗೆ ಬೇಡ, ದನ ತುಳಿಯುತ್ತದೆ. ಹಳೇ ಮಂಕರಿಗೆ ಗೋಣಿಚೀಲ ಮಡಚಿ ಹಾಕಿ, ಮೇಲೆ ಹಳೇ ಸೀರೆ ತುಂಡು ಹಾಸಿದರೆ ಸಾಕು.

(ಆ) ತಾಯಿಯ ವಾಸನೆ ಇರುವ ಬಟ್ಟೆ. ಮರಿ ತರುವ ಎರಡು ದಿನ ಮುಂಚೆ ಒಂದು ಬಟ್ಟೆಯನ್ನು ತಾಯಿ ಮಲಗುವ ಜಾಗದಲ್ಲಿ ಹಾಕಿಬನ್ನಿ. ತರುವಾಗ ಅದನ್ನೂ ತನ್ನಿ. ಒಗೆಯಬೇಡಿ.

(ಇ) ಊಟಕ್ಕೆ ಒಂದು ತಟ್ಟೆ, ನೀರಿಗೆ ಮಗುಚಿ ಬೀಳದ ಅಗಲವಾದ ಪಾತ್ರೆ.

ಇಷ್ಟು ಇಟ್ಟ ಮೇಲೆ ನೆಲಕ್ಕೆ ಕೂತು ಮನೆಯನ್ನೆಲ್ಲ ನೋಡಬೇಕು. ಮರಿಯ ಕಣ್ಣು ಇರುವುದು ನೆಲದ ಮಟ್ಟದಲ್ಲಿ. ಇಲಿ ಪಾಷಾಣ, ಹೊಲಕ್ಕೆ ಹೊಡೆಯುವ ಔಷಧಿ ಡಬ್ಬಿ, ಸೂಜಿ ದಾರ, ನೇತಾಡುವ ಕರೆಂಟ್ ವೈರು ಇವನ್ನೆಲ್ಲ ಮೇಲೆ ಎತ್ತಿಡಿ. ಸಂಪಿನ ಬಾಯಿ ಮುಚ್ಚಿರಲಿ. ಚಪ್ಪಲಿ ಅಟ್ಟದ ಮೇಲಿಡದಿದ್ದರೆ ಅದು ನಿಮ್ಮ ಅದೃಷ್ಟ.

3. ತರುವ ದಿನ

ಬೆಳಿಗ್ಗೆಯೇ ತನ್ನಿ. ಹಗಲೆಲ್ಲ ಮನೆ, ಜನ, ಸದ್ದು ನೋಡಿಕೊಂಡರೆ ರಾತ್ರಿಗೆ ಭಯ ಸ್ವಲ್ಪ ಕಡಿಮೆ. ಕತ್ತಿನ ಚರ್ಮ ಹಿಡಿದು ತೂಗಾಡಿಸಬೇಡಿ. ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಗಾಲುಗಳ ಕೆಳಗೆ ಕೊಟ್ಟು ಎತ್ತಿಕೊಳ್ಳಿ. ಮನೆ ಮುಟ್ಟಿದ ಕೂಡಲೇ ಒಳಗೆ ಬಿಡದೆ, ಒಂದಕ್ಕೆ ಹೋಗಲು ಗೊತ್ತು ಮಾಡಿದ ಜಾಗದಲ್ಲಿ ಮೊದಲು ಇಳಿಸಿ. ಆಮೇಲೆ ಅದರ ಮಂಕರಿ ತೋರಿಸಿ.

ಅವತ್ತು ಬೀದಿ ಮಕ್ಕಳನ್ನೆಲ್ಲ ಕರೆದು ತೋರಿಸಬೇಡಿ. ಈ ವಯಸ್ಸಿನ ಮರಿ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಮಾಡುತ್ತದೆ. ಮಲಗಿದ್ದಾಗ ಯಾರೂ ಎಬ್ಬಿಸಬಾರದು.

ಹೆಸರು ಚಿಕ್ಕದಿರಲಿ, ಎಲ್ಲರೂ ಒಂದೇ ಹೆಸರಿನಿಂದ ಕರೆಯಿರಿ. ನಮ್ಮ ಮನೆಯಲ್ಲಿ ತಮ್ಮ ಒಂದು, ನಾನೊಂದು ಹೆಸರು ಕೂಗಿ ಮೂರು ದಿನ ಅದು ಯಾರ ಕಡೆಗೂ ತಿರುಗಲಿಲ್ಲ. ಕೊನೆಗೆ ಅಜ್ಜಿ ಅದರ ಬಣ್ಣ ನೋಡಿ ಕೆಂಚಿ ಅಂದರು. ಅದೇ ನಿಂತಿತು.

4. ಮೊದಲ ರಾತ್ರಿ

ಇದೇ ಎಲ್ಲಕ್ಕಿಂತ ಕಷ್ಟ. ಮರಿ ಅಳುತ್ತದೆ. ಖಂಡಿತ ಅಳುತ್ತದೆ. ರಾತ್ರಿ ನಾಯಿ ಅತ್ತರೆ ಅಪಶಕುನ ಅಂತ ಕೆಲವರು ಹೊಡೆಯುತ್ತಾರೆ, ಬೀದಿಗೆ ಬಿಟ್ಟು ಬಾಗಿಲು ಹಾಕುತ್ತಾರೆ. ಅದು ಅಳುವುದಕ್ಕೆ ಕಾರಣ ಬೇರೆ. ನಿನ್ನೆವರೆಗೂ ಐದಾರು ಮರಿಗಳ ರಾಶಿಯಲ್ಲಿ, ತಾಯಿಯ ಹೊಟ್ಟೆಗೆ ಒತ್ತಿಕೊಂಡು ಮಲಗಿತ್ತು. ಇವತ್ತು ಒಂಟಿ. ಬಿಸಿ ಇಲ್ಲ, ಉಸಿರಿನ ಸದ್ದಿಲ್ಲ, ಗೊತ್ತಿರುವ ವಾಸನೆ ಇಲ್ಲ. ಹಾಸ್ಟೆಲಿಗೆ ಸೇರಿದ ನಮ್ಮ ಅಕ್ಕ ಮೊದಲ ವಾರ ಫೋನಿನಲ್ಲಿ ಅಳುತ್ತಿದ್ದಳು, ಇದೂ ಹಾಗೇ.

ಮಾಡಬೇಕಾದ್ದು ಇಷ್ಟು. ಬಾಟಲಿಗೆ ಬೆಚ್ಚಗಿನ ನೀರು ತುಂಬಿ ಬಿಗಿಯಾಗಿ ಮುಚ್ಚಿ, ದಪ್ಪ ಬಟ್ಟೆ ಸುತ್ತಿ ಮಂಕರಿಯ ಒಂದು ಪಕ್ಕಕ್ಕೆ ಇಡಿ. ನೀರು ಕುದಿಯುವಂತಿರಬಾರದು. ಬಿಸಿ ಹೆಚ್ಚಾದರೆ ಮರಿ ದೂರ ಸರಿಯಲು ಜಾಗವಿರಲಿ. ತಾಯಿಯ ವಾಸನೆಯ ಬಟ್ಟೆ ಹಾಸಿ. ಮೊದಲ ಕೆಲವು ರಾತ್ರಿ ಮನೆಯವರೊಬ್ಬರು ಹತ್ತಿರ ಮಲಗಿ. ಅತ್ತಾಗ ಎತ್ತಿಕೊಂಡು ಆಡಿಸುವುದು ಬೇಡ, ಬರೀ ಕೈ ಮುಟ್ಟಿಸಿ ಸುಮ್ಮನಿರಿ. ನಡುರಾತ್ರಿ ಒಂದು ಸಲ ಒಂದಕ್ಕೆ ಹೊರಗೆ ಕರೆದೊಯ್ಯಿರಿ.

ಕೆಂಚಿ ಎರಡು ರಾತ್ರಿ ಅತ್ತಿತು. ಮೂರನೇ ರಾತ್ರಿ ನನಗೆ ಎಚ್ಚರವಾದಾಗ ಅಳು ಕೇಳಲಿಲ್ಲ. ಗಾಬರಿಯಿಂದ ಎದ್ದು ನೋಡಿದರೆ ಅಪ್ಪ ಹಾಸಿಗೆಯಿಂದ ಕೈ ಚಾಚಿ ಮಂಕರಿಯೊಳಗೆ ಇಟ್ಟುಕೊಂಡೇ ನಿದ್ದೆ ಹೋಗಿದ್ದರು. ಬೆಳಿಗ್ಗೆ ಕೇಳಿದರೆ "ನಾನಲ್ಲ" ಅಂದರು.

5. ಊಟ

ಎರಡು ತಿಂಗಳ ಮರಿಯ ಹೊಟ್ಟೆ ಚಿಕ್ಕದು. ಒಂದೇ ಸಲ ತುಂಬಾ ಹಾಕಬಾರದು. ದಿನಕ್ಕೆ ನಾಲ್ಕು ಸಲ, ಮೂರು ತಿಂಗಳು ಆದ ಮೇಲೆ ಮೂರು ಸಲ, ಆರು ತಿಂಗಳ ನಂತರ ಎರಡು ಸಲ ಸಾಕು. ನಾವು ಹಾಕಿದ್ದು ಹೀಗೆ:

ಬೆಳಿಗ್ಗೆ: ತೆಳ್ಳಗೆ ಕಾಯಿಸಿ ಆರಿಸಿದ ರಾಗಿ ಗಂಜಿ, ಸ್ವಲ್ಪ ಮೊಸರು.
ಮಧ್ಯಾಹ್ನ: ಮೆತ್ತಗೆ ಕಿವುಚಿದ ಅನ್ನ, ಬೇಯಿಸಿದ ಮೊಟ್ಟೆ.
ಸಂಜೆ: ಅನ್ನ, ಮೊಸರು.
ರಾತ್ರಿ: ಅನ್ನ, ಉಪ್ಪು ಖಾರ ಹಾಕದೆ ಬೇಯಿಸಿದ ಮೂಳೆ ಇಲ್ಲದ ಕೋಳಿ ಅಥವಾ ಇನ್ನೊಂದು ಮೊಟ್ಟೆ.

ಬರೀ ಅನ್ನ, ಮುದ್ದೆಯಿಂದ ಮರಿ ಬೆಳೆಯುವುದಿಲ್ಲ. ಅದಕ್ಕೆ ಪ್ರೋಟೀನು ಬೇಕು. ಹಸುವಿನ ಹಾಲು ಹೆಚ್ಚು ಕೊಟ್ಟರೆ ಎಷ್ಟೋ ಮರಿಗಳಿಗೆ ಭೇದಿ ಆಗುತ್ತದೆ. ಮೊಸರು ವಾಸಿ. ಆಹಾರ ಬದಲಾಯಿಸುವಾಗ ನಿಧಾನವಾಗಿ, ನಾಲ್ಕೈದು ದಿನದಲ್ಲಿ ಬದಲಾಯಿಸಿ. ನೀರು ಯಾವಾಗಲೂ ಇರಲಿ.

ಕೊಡಬಾರದ್ದು: ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ. ಇವು ನಾಯಿಗೆ ವಿಷ. ಈರುಳ್ಳಿ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳು ಚುಚ್ಚುತ್ತದೆ. ಮಿಕ್ಕಿದ ಸಾರು ಹಾಕುವವರು ಈ ಮಾತು ನೆನಪಿಡಿ.

6. ಒಂದಕ್ಕೆ, ಎರಡಕ್ಕೆ ಕಲಿಸುವುದು

ನಾವು ತರಗತಿಯಲ್ಲಿ ಬೆರಳು ತೋರಿಸಿ ಕೇಳುತ್ತೇವೆ. ಮರಿ ನೆಲ ಮೂಸುತ್ತಾ ಸುತ್ತು ಹಾಕಿದರೆ ಅದು ಬೆರಳು ತೋರಿಸಿದ ಹಾಗೆ. ನಿದ್ದೆಯಿಂದ ಎದ್ದ ಕೂಡಲೇ, ಊಟ ಆದ ಕೂಡಲೇ, ಆಟ ಆದ ಕೂಡಲೇ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ. ಎರಡು ತಿಂಗಳ ಮರಿ ಹಗಲಲ್ಲಿ ಎರಡು ಮೂರು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದು. ಅಲ್ಲೇ ಮಾಡಿದರೆ "ಜಾಣೆ" ಅಂತ ಹೊಗಳಿ. ಒಳಗೆ ಮಾಡಿದರೆ ಮೂತಿ ತಿಕ್ಕುವುದು, ಹೊಡೆಯುವುದು ಮಾಡಬೇಡಿ. ಅದಕ್ಕೆ ಅರ್ಥವಾಗುವುದು "ಇವರು ಕಂಡರೆ ಭಯ" ಎಂಬುದು ಮಾತ್ರ. ಆಮೇಲೆ ಮಂಚದ ಕೆಳಗೆ ಕದ್ದು ಮಾಡುತ್ತದೆ.

7. ಡಾಕ್ಟರ ಹತ್ತಿರ

ಇಲ್ಲಿ ನನ್ನ ಮೊದಲ ಮರಿಯ ವಿಷಯ ಹೇಳಬೇಕು. ಎಂಟನೇ ದಿನ ಅದು ಊಟ ಬಿಟ್ಟಿತು, ವಾಂತಿ ಮಾಡಿತು. ದೃಷ್ಟಿ ಆಗಿದೆ ಅಂತ ಮೆಣಸಿನಕಾಯಿ ಇಳಿ ತೆಗೆದೆವು. ಮಾರನೇ ದಿನ ರಕ್ತ ಬೆರೆತ, ಕೆಟ್ಟ ವಾಸನೆಯ ಭೇದಿ ಶುರುವಾಯಿತು. ಆಗಲೂ "ನಾಳೆ ನೋಡೋಣ" ಅಂದುಕೊಂಡೆವು. ಹತ್ತನೇ ದಿನ ಆಸ್ಪತ್ರೆಗೆ ಒಯ್ದಾಗ ಡಾಕ್ಟರು ಡ್ರಿಪ್ ಹಾಕಿದರು. "ಎರಡು ದಿನ ಮುಂಚೆ ತಂದಿದ್ದರೆ ಪ್ರಯತ್ನ ಮಾಡಬಹುದಿತ್ತಮ್ಮ. ಮೈಯಲ್ಲಿ ನೀರೇ ಉಳಿದಿಲ್ಲ" ಅಂದರು. ಮರುದಿನ ಬೆಳಿಗ್ಗೆ ಅದು ಸತ್ತಿತು.

ಆ ರೋಗ ಪಾರ್ವೊ ಎಂಬ ವೈರಸ್ಸಿನಿಂದ ಬರುವಂಥದ್ದು ಎಂದು ಡಾಕ್ಟರು ಹೇಳಿದರು. ಮನುಷ್ಯರಿಗೆ ಅಂಟುವುದಿಲ್ಲ, ಆದರೆ ಮರಿಗಳನ್ನು ಬೇಗ ಕೊಲ್ಲುತ್ತದೆ. ಮಣ್ಣಿನಲ್ಲಿ ತಿಂಗಳುಗಟ್ಟಲೆ, ಒಂದೊಂದು ಸಲ ವರ್ಷದವರೆಗೂ ಸಾಯದೆ ಉಳಿಯುತ್ತದೆ. ಅದಕ್ಕೇ ಆ ಜಾಗವನ್ನು ಬ್ಲೀಚಿಂಗ್ ಪೌಡರ್ ನೀರಿನಿಂದ ತೊಳೆದು, ಒಂದು ವರ್ಷ ಬಿಟ್ಟು, ಮನೆಯ ಇನ್ನೊಂದು ಪಕ್ಕದಲ್ಲಿ ಕೆಂಚಿಯನ್ನು ಇಟ್ಟೆವು.

ಕರುವಿಗೆ ಗಿಣ್ಣು ಹಾಲು ಶಕ್ತಿ ಕೊಡುವ ಹಾಗೆ, ಮರಿಗೂ ತಾಯಿಯ ಮೊದಲ ಹಾಲಿನಿಂದ ರೋಗ ತಡೆಯುವ ಶಕ್ತಿ ಬರುತ್ತದೆ. ಕೆಲವು ವಾರಗಳಲ್ಲಿ ಅದು ಕರಗಿಹೋಗುತ್ತದೆ. ಆ ಜಾಗ ತುಂಬುವುದೇ ಲಸಿಕೆಯ ಕೆಲಸ. ಪಟ್ಟಿ ಹೀಗಿದೆ:

ಜಂತುಹುಳದ ಔಷಧಿ: 2ನೇ ವಾರದಿಂದ 8ನೇ ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮರಿಗೆ ಜಂತು ಬಂದಿರುತ್ತದೆ.
ಪಾರ್ವೊ, ಡಿಸ್ಟೆಂಪರ್ ಮುಂತಾದವುಗಳ ಲಸಿಕೆ: 6ರಿಂದ 8 ವಾರಕ್ಕೆ ಮೊದಲನೆಯದು. ನಂತರ 3-4 ವಾರಕ್ಕೊಮ್ಮೆ, 16 ವಾರ ಆಗುವವರೆಗೆ.
ಹುಚ್ಚುನಾಯಿ ರೋಗದ (ರೇಬೀಸ್) ಲಸಿಕೆ: 3 ತಿಂಗಳಿಗೆ ಮೊದಲನೆಯದು, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ.

ಮರಿಯ ತೂಕ ನೋಡಿ ಔಷಧಿಯ ಅಳತೆ ಡಾಕ್ಟರೇ ಹೇಳಬೇಕು. ನಾವೇ ಅಂದಾಜಿನ ಮೇಲೆ ಕೊಡಬಾರದು. ಲಸಿಕೆಗಳು ಮುಗಿಯುವವರೆಗೆ ಬೀದಿ ನಾಯಿಗಳ ಗಲೀಜು ಇರುವ ಕಡೆ ಮರಿಯನ್ನು ಬಿಡಬೇಡಿ.

8. ಮರಿ ಕಚ್ಚಿದರೆ, ಪರಚಿದರೆ

"ಮರಿ ಅಲ್ಲವಾ, ಏನೂ ಆಗಲ್ಲ" ಅನ್ನಬೇಡಿ. ಮರಿಗೂ ರೇಬೀಸ್ ಇರಬಹುದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂದೇ ಹೇಳಬೇಕು. ಆದರೆ ಮುಂಚೆಯೇ ಸರಿಯಾಗಿ ಲಸಿಕೆ ಹಾಕಿಸಿಕೊಂಡರೆ ತಡೆಯಬಹುದು. ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಮೆಣಸಿನಪುಡಿ, ಕಾಫಿಪುಡಿ ಏನೂ ಹಚ್ಚಬೇಡಿ. ಮನೆಯಲ್ಲಿ ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ಹೇಳಿದ ದಿನಗಳಂದು ಎಲ್ಲ ಡೋಸೂ ಪೂರ್ತಿ ಹಾಕಿಸಿಕೊಳ್ಳಿ. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಎಂಬ ಹಳೇ ಪದ್ಧತಿ ಈಗ ಇಲ್ಲ, ತೋಳಿಗೆ ಕೊಡುತ್ತಾರೆ. ಮರಿಯನ್ನು ಮುಟ್ಟಿದ ಮೇಲೆ ಊಟಕ್ಕೆ ಮುಂಚೆ ಕೈ ತೊಳೆಯಿರಿ.

9. ಹೆಣ್ಣು ಮರಿ ಬೇಡವೇ?

ಕೆಂಚಿಯ ಜೊತೆ ಹುಟ್ಟಿದ ಗಂಡು ಮರಿಗಳನ್ನೆಲ್ಲ ಜನ ಮೊದಲೇ ಕೇಳಿ ಒಯ್ದರು. ಹೆಣ್ಣು ಅಂತ ಇದನ್ನು ಯಾರೂ ಕೇಳಲಿಲ್ಲ. ಇಂಥವನ್ನು ಚೀಲಕ್ಕೆ ಹಾಕಿ ಕೆರೆ ಏರಿಯ ಮೇಲೆ ಬಿಟ್ಟು ಬರುವವರಿದ್ದಾರೆ. ಹೆಣ್ಣು ನಾಯಿಯೂ ಮನೆ ಕಾಯುತ್ತದೆ. ಮರಿ ಹಾಕುವುದು ಬೇಡವಾದರೆ ಆರು ತಿಂಗಳ ಆಸುಪಾಸಿನಲ್ಲಿ ಡಾಕ್ಟರನ್ನು ಕೇಳಿ ಆಪರೇಷನ್ ಮಾಡಿಸಬಹುದು. ಕೆಂಚಿಗೆ ಮಾಡಿಸಿದ್ದೇವೆ.

ನಿಮಗಿದು ಗೊತ್ತೇ?

• ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು ಕ್ರಿ.ಶ. 949-50ರ ಶಾಸನವೊಂದು ಸಿಕ್ಕಿದೆ. ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪು ಅದರಲ್ಲಿದೆ. ಗಂಗರ ಬೂತುಗನಿಂದ ಆ ನಾಯಿಯನ್ನು ಮೆಚ್ಚುಗೆಯಾಗಿ ಕೇಳಿ ಪಡೆದವನು ಮಣಲೆರ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.
• ನಮ್ಮ ರಾಜ್ಯದ ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಹೊರಬಂತು.
• ಲೂಯಿ ಪಾಶ್ಚರ್ 1885ರ ಜುಲೈ 6ರಂದು 9 ವರ್ಷದ ಹುಡುಗನಿಗೆ ಮೊದಲ ಸಲ ರೇಬೀಸ್ ಲಸಿಕೆ ಕೊಟ್ಟರು. ಅವರು ತೀರಿಕೊಂಡ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ.
• ಮರಿಗೆ ಹಾಲುಹಲ್ಲು 28, ದೊಡ್ಡ ನಾಯಿಗೆ 42 ಹಲ್ಲು.

ಅಭ್ಯಾಸ

1. ಮರಿಯನ್ನು 8 ವಾರಕ್ಕೆ ಮುಂಚೆ ತರಬಾರದು, ಏಕೆ? ಎರಡು ಕಾರಣ ಕೊಡಿ.
2. ಮೊದಲ ರಾತ್ರಿ ಮರಿ ಅಳುವುದೇಕೆ?
3. ನಿಮ್ಮ ಬೀದಿಯಲ್ಲಿ ಎಷ್ಟು ಸಾಕುನಾಯಿಗಳಿವೆ, ಎಷ್ಟಕ್ಕೆ ರೇಬೀಸ್ ಲಸಿಕೆ ಆಗಿದೆ? ಕೇಳಿ ಪಟ್ಟಿ ಮಾಡಿ ಮೇಷ್ಟ್ರಿಗೆ ತೋರಿಸಿ.

ಸಹಪಾಠಿಗಳೇ, ಮರಿ ತರುವುದು ಒಂದು ದಿನದ ಕೆಲಸ. ಅದಕ್ಕೆ ಸಿದ್ಧವಾಗುವುದು ಎರಡು ತಿಂಗಳ ಕೆಲಸ. ಮೊದಲ ಮರಿಗೆ ನಾನು ಹೆಸರನ್ನೂ ಇಟ್ಟಿರಲಿಲ್ಲ. ನಿಮ್ಮ ಮರಿಗೆ ಹಾಗಾಗದಿರಲಿ ಅಂತ ಇದನ್ನು ಬರೆದೆ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಇಂತಿ,
8ನೇ ತರಗತಿಯ ವಿದ್ಯಾರ್ಥಿನಿ