ಮಕ್ಕಳ ಕೈಯ ಹಿಡಿ ರಾಗಿ



ಈ ತಿಂಗಳ ಪಾಠವು ಮಕ್ಕಳಿಗಾಗಿ ಇದ್ದರೂ ಅದನ್ನು ಮೊದಲು ಓದಬೇಕಾದವರು ಹಿರಿಯರೇ. ಕೊರತೆಯುಳ್ಳವರಿಗೆ ಸಹಾಯಮಾಡುವದನ್ನು ಮಕ್ಕಳಿಗೆ ಕಲಿಸುವದು ಹೇಗೆ ಎಂಬದೇ ವಿಷಯ. ವಾಕ್ಯವನ್ನು ಬಾಯಿಪಾಠ ಮಾಡಿಸಿದ ಮಾತ್ರಕ್ಕೆ ಈ ಪಾಠವು ಮುಗಿಯಲಾರದು. ಯಾಕಂದರೆ ಮಗುವು ಕೇಳಿದ್ದಕ್ಕಿಂತಲೂ ಕಂಡದ್ದನ್ನು ಹೆಚ್ಚಾಗಿ ಹಿಡಿದುಕೊಳ್ಳುತ್ತದೆ.

ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ, ಪೈರು ಕೊಯ್ದವನು ಹೊಲದಲ್ಲಿ ಮರೆತುಬಂದ ಸಿವುಡಿಗಾಗಿ ಹಿಂದಿರುಗಿ ಹೋಗಬಾರದೆಂಬ ವಿಧಿಯುಂಟು. ಅದು ಪರದೇಶಿಗೂ ತಾಯಿತಂದೆಯಿಲ್ಲದವನಿಗೂ ವಿಧವೆಗೂ ಸೇರಿದ್ದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾಗಿ ಕೊಯ್ದ ಹೊಲದಲ್ಲಿ ಬಿದ್ದ ತೆನೆಯನ್ನೂ, ಆಲೂಗಡ್ಡೆ ಕಿತ್ತ ಹೊಲದಲ್ಲಿ ಮಣ್ಣಿನೊಳಗೆ ಉಳಿದ ಗಡ್ಡೆಯನ್ನೂ ಮಡಿಲಿಗೆ ಆಯ್ದುಕೊಳ್ಳುವದು ಅವರು ಕಣ್ಣಾರೆ ಕಂಡದ್ದೇ. ಯಂತ್ರದಿಂದ ಕೊಯ್ಲು ನಡೆಯುವ ಈ ಕಾಲದ ಮಕ್ಕಳಿಗೆ ಹಕ್ಕಲು ಎಂಬ ಮಾತೇ ಹೊಸದಾಗಿ ಕೇಳಿಸುತ್ತದೆ. ಆದಕಾರಣ ರೂತಳ ಕಥೆಯನ್ನು ಬೇತ್ಲೆಹೇಮಿನಿಂದ ಆರಂಭಿಸದೆ ಮನೆಯ ಹಿಂದಿನ ಹೊಲದಿಂದಲೇ ಆರಂಭಿಸುವದು ಲೇಸು. ಬೋವಜನು ಆಕೆಯನ್ನು ಕರೆದು ಎಲ್ಲರ ಮುಂದೆ ಧಾನ್ಯವನ್ನು ಅಳೆದುಕೊಡಿಸಬಹುದಾಗಿತ್ತು. ಆತನು ಹಾಗೆ ಮಾಡದೆ, ಸಿವುಡಿನಿಂದ ತೆನೆಗಳನ್ನು ಬೇಕೆಂದೇ ಕೆಳಗೆ ಬಿಡುವಂತೆ ಆಳುಗಳಿಗೆ ಗುಟ್ಟಾಗಿ ಹೇಳಿಕೊಟ್ಟನು. ತೆಗೆದುಕೊಳ್ಳುವವಳು ನಾಚಿಕೆಪಡದ ಹಾಗೆ ಕೊಟ್ಟನೆಂಬದನ್ನು ಮಕ್ಕಳಿಗೆ ತೋರಿಸಿರಿ.

ಇನ್ನೊಂದು ಸಂಗತಿಯನ್ನೂ ಅವರಿಗೆ ಹೇಳಬೇಕು. 1876ರಿಂದ 1878ರ ವರೆಗೆ ಮೈಸೂರು ಸೀಮೆಯಲ್ಲಿ ಘೋರವಾದ ಕ್ಷಾಮವುಂಟಾಯಿತು. 1871ರ ಗಣತಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಜನರ ಲೆಕ್ಕವು 1881ರಲ್ಲಿ 42 ಲಕ್ಷದಷ್ಟಕ್ಕೆ ಇಳಿದಿತ್ತು. ಆಗ ದಿಕ್ಕಿಲ್ಲದೆ ಉಳಿದ ಮಕ್ಕಳಿಗಾಗಿ ವೆಸ್ಲಿಯನ್ ಮಿಶನ್ನಿನವರು ತುಮಕೂರಿನಲ್ಲಿ ಹುಡುಗರಿಗೂ ಹಾಸನದಲ್ಲಿ ಹುಡುಗಿಯರಿಗೂ ಅನಾಥಶಾಲೆಗಳನ್ನು ನಡೆಸಿದರು. ಹೀಗಿರುವಲ್ಲಿ ಈ ಸೀಮೆಯ ಸಭೆಯವರಾದ ನಾವು ಮೊದಲು ನಿಂತದ್ದು ಪಡೆದವರ ಸಾಲಿನಲ್ಲಿ. ಇದನ್ನು ತಿಳಿದ ಮಗುವು ಬಡವನನ್ನು ಮೇಲಿನಿಂದ ನೋಡುವದು ಕಷ್ಟ.

ಕೊಡುವದರ ಅಭ್ಯಾಸಕ್ಕೆ ಹಿಡಿ ಅಕ್ಕಿಯ ಪದ್ಧತಿಗಿಂತ ಸುಲಭವಾದದ್ದು ಬೇರೆ ಕಾಣೆವು. ಮಿಜೋರಾಮಿನ ಸಭೆಗಳಲ್ಲಿ ಸ್ತ್ರೀಯರು 1910ರಿಂದ ಪ್ರತಿ ಅಡಿಗೆಗೆ ಮುಂಚೆ ಒಂದು ಹಿಡಿಯನ್ನು ಬೇರೆಯಾಗಿ ಎತ್ತಿಟ್ಟು ಸಭೆಗೆ ಒಪ್ಪಿಸುತ್ತಾ ಬಂದಿದ್ದಾರೆ. ನಮ್ಮಲ್ಲಿ ಅದು ಹಿಡಿ ರಾಗಿಯಾಗಲಿ. ಆದರೆ ತಾಯಿಯೇ ಎತ್ತಿಟ್ಟರೆ ಪುಣ್ಯಾತ್ಮಳಾದ ತಾಯಿಗೆ ಮಾತ್ರ ಅಭ್ಯಾಸವಾಗುತ್ತದೆ. ಡಬ್ಬಕ್ಕೆ ಹಾಕುವ ಕೈ ಮಗುವಿನದಾಗಿರಬೇಕು. ದೇವಾಲಯದ ಬಾಗಲಲ್ಲಿ ತಂದೆಯು ತನ್ನ ಜೇಬಿನಿಂದ ತೆಗೆದುಕೊಟ್ಟ ನಾಣ್ಯವನ್ನು ಕಾಣಿಕೆಯ ಚೀಲಕ್ಕೆ ಹಾಕಿದ ಮಗುವು ನಾಣ್ಯದ ಸದ್ದನ್ನಲ್ಲದೆ ಬೇರೇನನ್ನು ಕಲಿತೀತು? ಐದು ಜವೆಗೋದಿಯ ರೊಟ್ಟಿಗಳನ್ನೂ ಎರಡು ಮೀನುಗಳನ್ನೂ ತಂದಿದ್ದ ಹುಡುಗನ ಬಳಿಯಲ್ಲಿ ಇದ್ದದ್ದೇ ಅಷ್ಟು.

2013ರಿಂದ ಅನ್ನಭಾಗ್ಯದ ಅಕ್ಕಿಯು ಮನೆಗಳಿಗೆ ಬರುತ್ತಿರುವಾಗ ಯಾರಿಗೆ ಏನು ಕೊಡಬೇಕೆಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಅಕ್ಕಿ ಇದ್ದೂ ಅದನ್ನು ಬೇಯಿಸುವದಕ್ಕೆ ಶಕ್ತಿಯಿಲ್ಲದ ಮುದುಕರಿದ್ದಾರೆ. ಮಕ್ಕಳು ಬೆಂಗಳೂರಿಗೆ ಹೋಗಿ, ದಿನವೆಲ್ಲಾ ಜಗಲಿಯಲ್ಲಿ ಒಂಟಿಯಾಗಿ ಕೂತಿರುವ ತಾಯಂದಿರಿದ್ದಾರೆ. ಪಿಂಚಣಿಯ ಕಾಗದವನ್ನು ಓದಲಾರದವರಿದ್ದಾರೆ. ಎಂಟು ವರುಷದ ಹುಡುಗಿಯು ಒಂದು ಬಿಂದಿಗೆ ನೀರನ್ನು ತಂದಿಡಬಹುದು. ಹನ್ನೆರಡು ವರುಷದ ಹುಡುಗನು ಕಾಗದವನ್ನು ಓದಿ ಹೇಳಬಹುದು.

ಇನ್ನು ಕಠಿಣವಾದ ಭಾಗಕ್ಕೆ ಬರುವೆವು. 2025ನೇ ಸೆಪ್ಟೆಂಬರ್ 12ರ ರಾತ್ರಿ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯೊಳಗೆ ಲಾರಿಯೊಂದು ನುಗ್ಗಿತು. ಎಂಟು ಮಂದಿಗಿಂತಲೂ ಹೆಚ್ಚು ಜನರು ಸತ್ತರು. ಅವರಲ್ಲಿ ಹೆಚ್ಚಿನವರು ಯುವಕರು. ಎಷ್ಟೋ ಮಂದಿ ಗಾಯಗೊಂಡರು. ಇಂಥ ಸಮಯದಲ್ಲಿ ನಮ್ಮ ಮಕ್ಕಳು ಕೇಳುವ ಪ್ರಶ್ನೆಯೊಂದುಂಟು: ಅದು ನಮ್ಮ ಹಬ್ಬವಲ್ಲವಲ್ಲ, ನಾವು ಹೋಗಬಹುದೋ? ಈ ಪ್ರಶ್ನೆಗೆ ಹಿರಿಯರು ಕೊಡುವ ಉತ್ತರದಲ್ಲಿ ಮಗುವಿನ ನಂಬಿಕೆಯು ಬೆಳೆಯುವದು ಇಲ್ಲವೆ ಬಾಡುವದು. ನೆರೆಯವನು ಯಾರೆಂದು ಧರ್ಮೋಪದೇಶಕನು ಕೇಳಿದಾಗ ಕರ್ತನು ಯೆಹೂದ್ಯನ ಹೆಸರನ್ನು ಎತ್ತದೆ, ಪೂಜೆಯ ವಿಷಯದಲ್ಲಿ ಬೇರೆಯವನೆಂದು ಅವರು ದೂರವಿಟ್ಟಿದ್ದ ಸಮಾರ್ಯದವನನ್ನು ತಂದು ನಿಲ್ಲಿಸಿದನು. ದಾರಿಯಲ್ಲಿ ಬಿದ್ದವನು ಯಾವ ಹಬ್ಬದಿಂದ ಬರುತ್ತಿದ್ದನೆಂದು ಆ ಸಮಾರ್ಯದವನು ವಿಚಾರಿಸಲಿಲ್ಲ. ಸತ್ತವರ ಮನೆಯ ಬಾಗಲಿಗೆ ಮಗುವನ್ನು ಕೈಹಿಡಿದು ಕರೆದುಕೊಂಡು ಹೋಗಿರಿ. ಅಲ್ಲಿ ಉಪದೇಶವೂ ಕರಪತ್ರವೂ ಬೇಡ. ಊಟವನ್ನು ಮುಟ್ಟದೆ ಕೂತಿರುವ ಮನೆಯವರಿಗೆ ಒಂದು ಪಾತ್ರೆ ಗಂಜಿಯನ್ನು ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕೂತು ಬಂದರೆ ಸಾಕು.

ಉಪಾಧ್ಯಾಯರು ಮುಂದಿನ ಭಾನುವಾರ ಪ್ರತಿಯೊಂದು ಮಗುವನ್ನು, ನಿನ್ನ ಬೀದಿಯಲ್ಲಿ ಸಹಾಯ ಬೇಕಾದ ಮನೆ ಯಾವದು ಎಂದು ಬೇರೆಬೇರೆಯಾಗಿ ಕೇಳಲಿ. ಮಗುವು ತಾನೇ ಮಾಡಬಲ್ಲ ಒಂದು ಕೆಲಸವನ್ನು ಆರಿಸಿಕೊಳ್ಳಲಿ. ಒಂದು ತಿಂಗಳಾದ ಮೇಲೆ ಅದು ನಡೆಯಿತೋ ಎಂದು ವಿಚಾರಿಸಬೇಕು. ಆ ಮನೆಗಳ ಹೆಸರುಗಳನ್ನು ಮಾತ್ರ ಹಲಗೆಯ ಮೇಲೆ ಬರೆಯಬಾರದು, ತರಗತಿಯಲ್ಲಿ ಗಟ್ಟಿಯಾಗಿ ಹೇಳಲೂ ಬಾರದು. ಆ ಮನೆಯ ಮಕ್ಕಳೂ ಅದೇ ಚಾಪೆಯ ಮೇಲೆ ಕೂತಿರಬಹುದು.